ಯಾಕೆ ಎಂದು ಕೇಳುವ ಹಕ್ಕು

(ಕುಮಾರಪಟ್ಟಣದಲ್ಲಿ ಹಾಸ್ಟೆಲ್ ವಿದ್ಯಾರ್ಥಿಗಳ ಸಭೆಯಲ್ಲಿ ಆಡಿದ ಮಾತು. ಆಮೇಲೆ ಗೆಳೆಯರು ಎತ್ತಿದ ಪ್ರಶ್ನೆಗಳನ್ನೂ ಸೇರಿಸಿಕೊಂಡು ಬರೆದದ್ದು.)

ಗೆಳೆಯರೇ, ತಂಗಿಯರೇ, ಹೊಳೆ ದಾಟಿ ಹರಿಹರದಿಂದ ಬಂದ ಅಣ್ಣಂದಿರೇ,

ಯುರೋಪಿನ ಸಂವಿಧಾನಗಳ ಬಗ್ಗೆ ಮಾತಾಡಬೇಕು ಎಂದು ನಿಮ್ಮ ಹುಡುಗರು ಬಂದು ಕೇಳಿದಾಗ ನಮಗೆ ನಗು ಬಂತು. ನಾವು ಬಿ.ಎ. ಮಾಡಿದವರು. ಅಷ್ಟಿಷ್ಟು ಕವಿತೆ ಬರೆಯುವವರು. ಕರಿ ಕೋಟಿನವರಲ್ಲ. ಹೊರಗೆ ತುಂಗಭದ್ರೆ ಹರಿಯುತ್ತಿದ್ದಾಳೆ, ಪಕ್ಕದಲ್ಲಿ ಕಾರ್ಖಾನೆಯ ಚಿಮಣಿ ಹೊಗೆ ಬಿಡುತ್ತಿದೆ, ನಾವು ಇಲ್ಲಿ ಕೂತು ಇಂಗ್ಲೆಂಡಿನ ರಾಜನ ಕಥೆ ಹೇಳುವುದೆ? ಆದರೆ ಯೋಚನೆ ಮಾಡುತ್ತಾ ಹೋದ ಹಾಗೆ ಆ ಕಥೆ ಈ ಹೊಳೆದಂಡೆಗೇ ಬಂದು ಮುಟ್ಟಿತು. ಹೇಗೆ ಮುಟ್ಟಿತು ಅನ್ನುವುದೇ ಈವತ್ತಿನ ಮಾತು.

ಮೊದಲು ನಮ್ಮದೇ ಒಂದು ಸಂಗತಿ. ನಾವು ಕಾಲೇಜಿನಲ್ಲಿದ್ದಾಗ ಒಂದು ವರ್ಷ ಸ್ಕಾಲರ್‌ಶಿಪ್ ಬರಲಿಲ್ಲ. ಒಂದು ಕಚೇರಿಗೆ ಹೋದೆವು. ಗುಮಾಸ್ತರು ತಲೆ ಎತ್ತದೆ "ನಾಳೆ ಬಾ" ಅಂದರು. ಮರುದಿನ ಹೋದೆವು. "ನಾಳೆ ಬಾ." ಹೀಗೆ ಹನ್ನೊಂದು ದಿನ. ಬಸ್ ಚಾರ್ಜಿಗೆ ಸಾಲ. ಕಡೆಗೆ ನಮ್ಮಲ್ಲೊಬ್ಬ ಕೇಳಿಯೇಬಿಟ್ಟ: "ಯಾಕ್ರೀ ಸರ, ನಮ್ದಷ್ಟ ಯಾಕ ಬಂದಿಲ್ಲ?" ಆಗ ಅವರು ತಲೆ ಎತ್ತಿದರು. "ಯಾಕ ಅಂತ ಕೇಳಾಕ ನೀ ಯಾರಲೇ?"

ಒಂದು ಕಾಲಕ್ಕೆ ನಮ್ಮ ಊರುಗಳಲ್ಲಿ ಮನೆ ಬಾಗಿಲ ಮೇಲೆ 'ನಾಳೆ ಬಾ' ಅಂತ ಬರೆಯುತ್ತಿದ್ದರು, ನೆನಪಿದೆಯಾ? ರಾತ್ರಿ ದೆವ್ವ ಬಂದು ಬಾಗಿಲು ಬಡಿದರೆ ಅದನ್ನು ಓದಿಕೊಂಡು ಹಿಂದಕ್ಕೆ ಹೋಗಲಿ ಅಂತ. ದಿನಾ ಬರುವುದು, ದಿನಾ ಓದುವುದು, ದಿನಾ ಹೋಗುವುದು. ಆ ಕಚೇರಿಯ ಮೆಟ್ಟಿಲ ಮೇಲೆ ನಿಂತಾಗ ನಮಗೆ ಹೊಳೆಯಿತು: ದೆವ್ವ ನಾವೇ.

"ಯಾಕೆ ಅಂತ ಕೇಳಲು ನೀನು ಯಾರು?" ಈ ಪ್ರಶ್ನೆಗೆ ಜನ ಕೊಟ್ಟ ಉತ್ತರವನ್ನೇ ಸಾರ್ವಜನಿಕ ಕಾನೂನು ಅನ್ನುತ್ತಾರೆ. ನನಗೂ ಪಕ್ಕದ ಹೊಲದವನಿಗೂ ಬದುವಿನ ಜಗಳ ಬಂದರೆ ಅದು ಖಾಸಗಿ ಕಾನೂನು. ನನಗೂ ಸರ್ಕಾರಕ್ಕೂ ಜಗಳ ಬಂದರೆ? ಲಾಠಿ ಅದರ ಕೈಯಲ್ಲಿ, ಸೀಲು ಅದರ ಕೈಯಲ್ಲಿ, ಖಜಾನೆ ಅದರ ಕೈಯಲ್ಲಿ. ಇಷ್ಟೆಲ್ಲ ಇರುವವನು ಏನು ಮಾಡಬಹುದು, ಏನು ಮಾಡಬಾರದು, ಮಾಡಿದ್ದಕ್ಕೆ ಯಾರಿಗೆ ಉತ್ತರ ಹೇಳಬೇಕು ಎಂದು ಗೆರೆ ಎಳೆಯುವುದೇ ಸಾರ್ವಜನಿಕ ಕಾನೂನು. ಇದರ ದೊಡ್ಡ ಗೆರೆ ಸಂವಿಧಾನ. ಸಣ್ಣ ಸಣ್ಣ ಗೆರೆಗಳು ಆಡಳಿತ ಕಾನೂನು.

ಈಗ ಇಂಗ್ಲೆಂಡಿಗೆ ಹೋಗೋಣ. 1215ರ ಜೂನ್ 15. ಥೇಮ್ಸ್ ನದಿಯ ದಂಡೆಯ ರನ್ನಿಮೀಡ್ ಎಂಬ ಹುಲ್ಲುಗಾವಲು. ಜಾನ್ ರಾಜ ತೆರಿಗೆ ಹೇರಿ ಹೇರಿ ಪಾಳೆಯಗಾರರನ್ನು ರೇಗಿಸಿದ್ದ. ಅವರು ಕತ್ತಿ ಹಿಡಿದು ಬಂದು ಒಂದು ಕಾಗದಕ್ಕೆ ಅವನ ಮುದ್ರೆ ಒತ್ತಿಸಿಕೊಂಡರು. ಅದು ಮ್ಯಾಗ್ನಾ ಕಾರ್ಟಾ. ನೆಲದ ಕಾನೂನಿನ ಪ್ರಕಾರವಲ್ಲದೆ ಯಾವ ಸ್ವತಂತ್ರ ಮನುಷ್ಯನನ್ನೂ ಸೆರೆಗೆ ಹಾಕುವಂತಿಲ್ಲ ಎಂದು ಅದರಲ್ಲಿತ್ತು. ದೊಡ್ಡ ಮಾತೇ. ಆದರೆ 'ಸ್ವತಂತ್ರ ಮನುಷ್ಯ' ಅನ್ನುವ ಪದದ ಮೇಲೆ ಬೆರಳಿಡಿ. ಅವತ್ತಿನ ಇಂಗ್ಲೆಂಡಿನಲ್ಲಿ ಹೊಲ ಉತ್ತವರಲ್ಲಿ ಬಹುಪಾಲು ಜನ ಒಡೆಯನ ಮಣ್ಣಿಗೆ ಕಟ್ಟಿಹಾಕಿದ ಜೀತದವರು. ಅವರು ಆ ಪದದ ಒಳಗೆ ಇರಲೇ ಇಲ್ಲ. ಕಾಗದದಲ್ಲಿ ಹಕ್ಕು ಹುಟ್ಟಿತು, ಕೇರಿಯವರು ಕಾಗದದ ಹೊರಗೇ ಉಳಿದರು. ನಮಗೆ ಗೊತ್ತಿರುವ ಕಥೆಯೇ.

ಎರಡು ವರ್ಷ ಕಳೆದು 1217ರಲ್ಲಿ ಇನ್ನೊಂದು ಕಾಗದ ಬಂತು. ಪಠ್ಯಪುಸ್ತಕದಲ್ಲಿ ಅದರ ಹೆಸರು ಕಾಣುವುದೇ ಕಮ್ಮಿ. ಅರಣ್ಯದ ಸನ್ನದು. ರಾಜರು ಬೇಟೆಗಾಗಿ ಬಳಸಿಕೊಂಡಿದ್ದ ಕಾಡಿನಲ್ಲಿ ದನ ಮೇಯಿಸುವ, ಹಂದಿ ಬಿಡುವ, ಸೌದೆ ತರುವ ವಾಡಿಕೆಯ ಹಕ್ಕುಗಳನ್ನು ಅದು ಒಪ್ಪಿಕೊಂಡಿತು. ಈ ಸನ್ನದು 1971ರವರೆಗೂ ಇಂಗ್ಲೆಂಡಿನ ಕಾನೂನು ಪುಸ್ತಕದಲ್ಲಿ ಇತ್ತು. ಸಾಲಿ ಮಕ್ಕಳಿಗೆ ಪಾಳೆಯಗಾರರ ಕಾಗದ ಕಲಿಸುತ್ತಾರೆ. ಸೌದೆಯವರ ಕಾಗದ ಯಾರು ಕಲಿಸಬೇಕು?

ಆ ಕಾಗದ ನಮಗ್ಯಾಕೆ ಅನ್ನುತ್ತೀರಿ. ಕೇಳಿ. 1984ರಲ್ಲಿ ನಮ್ಮ ರಾಜ್ಯದಲ್ಲಿ ಕರ್ನಾಟಕ ಪಲ್ಪ್‌ವುಡ್ ಲಿಮಿಟೆಡ್ ಅಂತ ಒಂದು ಕಂಪನಿ ಹುಟ್ಟಿತು. ಸರ್ಕಾರದ ಅರಣ್ಯ ಅಭಿವೃದ್ಧಿ ನಿಗಮದ್ದು 51 ಪಾಲು, ಇದೇ ಕುಮಾರಪಟ್ಟಣದ ಹರಿಹರ ಪಾಲಿಫೈಬರ್ಸ್‌ನದು 49 ಪಾಲು. ಸುಮಾರು 30,000 ಹೆಕ್ಟೇರ್, ಅಂದರೆ 75,000 ಎಕರೆಯಷ್ಟು 'ಸಿ' ಮತ್ತು 'ಡಿ' ವರ್ಗದ ನೆಲ 40 ವರ್ಷಕ್ಕೆ ಅದಕ್ಕೆ ಹೋಗಬೇಕು, ಅಲ್ಲಿ ನೀಲಗಿರಿ ಬೆಳೆಯಬೇಕು, ನೀಲಗಿರಿ ತಿರುಳಾಗಿ ಕಾರ್ಖಾನೆಗೆ ಬರಬೇಕು ಎಂಬುದು ಯೋಜನೆ. ಸರ್ಕಾರದ ದಫ್ತರದಲ್ಲಿ ಅದು 'ಸಿ' ವರ್ಗ, 'ಡಿ' ವರ್ಗ. ಊರಿನವರ ಬಾಯಲ್ಲಿ ಅದು ದನ ಮೇಯುವ ಅಡವಿ, ಅವ್ವ ಪುಳ್ಳೆ ಆರಿಸುವ ಜಾಗ. ಹೊಲ ಇದ್ದವನು ಹೊಲದ ಬದುವಿನಲ್ಲಿ ಹುಲ್ಲು ಕೊಯ್ದುಕೊಳ್ಳುತ್ತಾನೆ. ಹೊಲ ಇಲ್ಲದವನಿಗೆ ಇದ್ದದ್ದು ಇದೊಂದೇ. ಯಾರನ್ನು ಕೇಳಿ ಕೊಟ್ಟರು? ಯಾರನ್ನೂ ಕೇಳಲಿಲ್ಲ.

ಧಾರವಾಡದ ಎಸ್. ಆರ್. ಹಿರೇಮಠರ ಸಮಾಜ ಪರಿವರ್ತನ ಸಮುದಾಯದವರು, ಅವರ ಜೊತೆ ಶಿವರಾಮ ಕಾರಂತರು, 1986ರಲ್ಲಿ ಸುಪ್ರೀಂ ಕೋರ್ಟಿಗೆ ಹೋದರು. 1987ರಲ್ಲಿ ಕೋರ್ಟು ಇದ್ದದ್ದು ಇದ್ದ ಹಾಗೇ ಇರಲಿ ಅಂತ ತಡೆ ಕೊಟ್ಟಿತು. ಕೋರ್ಟನ್ನೇ ನಂಬಿ ಜನ ಮನೆಯಲ್ಲಿ ಕೂರಲಿಲ್ಲ. 1987ರ ನವೆಂಬರ್ 14ರಂದು ಹಾನಗಲ್ ತಾಲೂಕಿನ ಕುಸನೂರಿನಲ್ಲಿ ಕಿತ್ತಿಕೋ-ಹಚ್ಚಿಕೋ ಸತ್ಯಾಗ್ರಹ ನಡೆಯಿತು. ನೀಲಗಿರಿ ಸಸಿ ಕಿತ್ತರು, ಊರಿಗೆ ಬೇಕಾದ ಗಿಡ ಹಚ್ಚಿದರು. ಕಿತ್ತು ಬಿಟ್ಟು ಬರಲಿಲ್ಲ, ಹಚ್ಚಿ ಬಂದರು. 1991ರಲ್ಲಿ ಆ ಕಂಪನಿ ಬಾಗಿಲು ಹಾಕಿತು. 1217ರಲ್ಲಿ ಥೇಮ್ಸ್ ದಂಡೆಯವರು ಕೇಳಿದ್ದನ್ನೇ ತುಂಗಭದ್ರೆಯ ಈಚೆ ನಮ್ಮವರು ಕೇಳಿದರು: ಕಾಡು ರಾಜನದಾದರೆ ಸೌದೆ ಯಾರದು? ನಮ್ಮ ಅವ್ವಂದಿರು ಆ ಸನ್ನದನ್ನು ಓದಿದವರಲ್ಲ. ಓದದೆಯೂ ಅವರಿಗೆ ಅದು ಗೊತ್ತಿತ್ತು.

ಮುಂದೆ ಫ್ರಾನ್ಸ್. 1789ರ ಆಗಸ್ಟ್ 26. ಮನುಷ್ಯರೆಲ್ಲ ಹುಟ್ಟುತ್ತಲೇ ಸ್ವತಂತ್ರರು, ಸಮಾನರು ಎಂದು ಅಲ್ಲಿನ ರಾಷ್ಟ್ರೀಯ ಸಭೆ ಸಾರಿತು. ಹಕ್ಕಿನ ಭದ್ರತೆ ಇಲ್ಲದ, ಅಧಿಕಾರವನ್ನು ಬೇರೆ ಬೇರೆ ಮಾಡಿ ಹಂಚದ ಸಮಾಜಕ್ಕೆ ಸಂವಿಧಾನವೇ ಇಲ್ಲ ಎಂದೂ ಹೇಳಿತು. ಇದನ್ನು ಸಾರಿದ ದೇಶವೇ ತನ್ನ ವಸಾಹತುಗಳಲ್ಲಿ ಕರಿಯರನ್ನು ಗುಲಾಮರಾಗಿ ಇಟ್ಟುಕೊಂಡಿತ್ತು. 1794ರಲ್ಲಿ ಬಿಟ್ಟಿತು. 1802ರಲ್ಲಿ ನೆಪೋಲಿಯನ್ ಮತ್ತೆ ಹಿಡಿದ. ಕಡೆಯ ಸಲ ಬಿಟ್ಟದ್ದು 1848ರಲ್ಲಿ. ಹೆಂಗಸರಿಗೆ ಓಟು ಸಿಕ್ಕಿದ್ದು 1944ರಲ್ಲಿ. ಯುರೋಪಿನ ಕಾಗದಗಳನ್ನು ಓದುವಾಗ ಈ ತಾರೀಕುಗಳನ್ನು ಪಕ್ಕದಲ್ಲಿ ಬರೆದಿಟ್ಟುಕೊಂಡೇ ಓದಬೇಕು.

ಆದರೂ ಬಾಬಾಸಾಹೇಬರು ಆ 1789ನ್ನು ಕೈಬಿಡಲಿಲ್ಲ. 1927ರ ಡಿಸೆಂಬರ್ 25ರಂದು ಮಹಾಡದಲ್ಲಿ ನಿಂತು, ನಮ್ಮ ಈ ಸಭೆಯನ್ನು ವರ್ಸೇಲ್ಸ್‌ನ ಸಭೆಗೆ ಹೋಲಿಸಿ ನೋಡಿ ಎಂದರು. ಸಭೆ ಯಾತಕ್ಕೆ? ಒಂದು ಕೆರೆಯ ನೀರಿಗೆ. ಬೊಂಬಾಯಿ ಶಾಸನಸಭೆ 1923ರಲ್ಲೇ ಸಾರ್ವಜನಿಕ ಕೆರೆ ಬಾವಿ ಎಲ್ಲರಿಗೂ ತೆರೆದಿರಲಿ ಎಂದು ಠರಾವು ಮಾಡಿತ್ತು. ಮಹಾಡದ ಪುರಸಭೆಯೂ 1924ರಲ್ಲಿ ಚವದಾರ ಕೆರೆ ತೆರೆದಿದೆ ಎಂದು ಬರೆದುಕೊಂಡಿತ್ತು. ಕಾಗದದಲ್ಲಿ ಕೆರೆ ತೆರೆದಿತ್ತು. ದಂಡೆಯಲ್ಲಿ ಮುಚ್ಚಿತ್ತು. 1927ರ ಮಾರ್ಚ್ 20ರಂದು ನಮ್ಮವರು ಹೋಗಿ ಬೊಗಸೆಯಲ್ಲಿ ನೀರು ಕುಡಿದಾಗ ಮಾತ್ರ ಆ ಠರಾವಿಗೆ ಜೀವ ಬಂತು. ಮೇಲುಜಾತಿಯವರು ಏನು ಮಾಡಿದರು ಗೊತ್ತಾ? ಕೆರೆ ತಮ್ಮ ಖಾಸಗಿ ಆಸ್ತಿ ಅಂತ ದಾವೆ ಹೂಡಿದರು. ನೋಡಿ, ಸಾರ್ವಜನಿಕ, ಖಾಸಗಿ ಎಂಬ ಎರಡು ಪದಗಳ ನಡುವೆ ಒಂದು ಜನಾಂಗದ ಬಾಯಾರಿಕೆ ಸಿಕ್ಕಿಹಾಕಿಕೊಂಡಿತು. ಬೊಂಬಾಯಿ ಹೈಕೋರ್ಟಿನಲ್ಲಿ ನಮ್ಮ ಕಡೆ ತೀರ್ಪಾದದ್ದು 1937ರ ಮಾರ್ಚ್ 17ಕ್ಕೆ. ಒಂದು ಬೊಗಸೆ ನೀರಿಗೆ ಹತ್ತು ವರ್ಷ.

ಇಲ್ಲೇ ನಾವು ಒಂದು ಮುಖ್ಯ ಮಾತು ಹೇಳಬೇಕು. ಯುರೋಪಿನವರ ಸಾರ್ವಜನಿಕ ಕಾನೂನು ಹುಟ್ಟಿದ್ದು ರಾಜನ ವಿರುದ್ಧ. ರಾಜನ ಕೈ ಕಟ್ಟಿದರೆ ಮನುಷ್ಯ ಬಿಡುಗಡೆಯಾದ ಎಂದು ಅವರು ತಿಳಿದರು. ನಮ್ಮ ಕೈ ಕಟ್ಟಿದವನು ರಾಜನೊಬ್ಬನೇ ಅಲ್ಲವಲ್ಲ! ಹೋಟೆಲಿನಲ್ಲಿ ಬೇರೆ ಲೋಟ ಇಟ್ಟವನು ಯಾವ ಸರ್ಕಾರಿ ನೌಕರ? ಬಾವಿಯ ಹಗ್ಗ ಎಳೆದುಕೊಂಡವನಿಗೆ ಯಾವ ಸರ್ಕಾರಿ ಆದೇಶ ಇತ್ತು? ನಮ್ಮ ಪಾಲಿಗೆ ಊರೇ ಒಂದು ಸರ್ಕಾರ. ಅದಕ್ಕೇ ನಮ್ಮ ಸಂವಿಧಾನ ಸರ್ಕಾರವನ್ನು ಕಟ್ಟಿಹಾಕಿ ಸುಮ್ಮನಾಗಲಿಲ್ಲ. 15ನೆಯ ವಿಧಿಯ ಎರಡನೆಯ ಭಾಗ ತೆಗೆದು ನೋಡಿ: ಅಂಗಡಿ, ಹೋಟೆಲು, ಬಾವಿ, ಕೆರೆ, ಸ್ನಾನಘಟ್ಟ, ರಸ್ತೆ ಎಲ್ಲವೂ ಅಲ್ಲಿವೆ. ಮಹಾಡದ ಕೆರೆ ಅಲ್ಲಿ ತುಂಬಿಕೊಂಡಿದೆ. 17ನೆಯ ವಿಧಿ ಅಸ್ಪೃಶ್ಯತೆ ಅಳಿಯಿತು ಅನ್ನುತ್ತದೆ. ಅದು ಸರ್ಕಾರಕ್ಕಷ್ಟೇ ಹೇಳಿದ ಮಾತಲ್ಲ, ಪಕ್ಕದ ಮನೆಯವನಿಗೂ ಹೇಳಿದ್ದು. ಅದರ ಬೆನ್ನಿಗೇ 1955ರ ಕಾನೂನು, 1989ರ ದೌರ್ಜನ್ಯ ತಡೆ ಕಾನೂನು ಬಂದವು. ನಾವು ಯುರೋಪಿನಿಂದ ತಂದದ್ದು ಹೌದು. ತಂದ ಮೇಲೆ ಊರಿನ ಅಳತೆಗೆ ಹೊಲಿಸಿಕೊಂಡದ್ದೂ ಹೌದು.

ಮತ್ತೆ ಫ್ರಾನ್ಸಿಗೆ ಒಂದು ಗಳಿಗೆ. 1871ರಲ್ಲಿ ಬೋರ್ಡೋ ಊರಿನಲ್ಲಿ ಆನ್ಯೆಸ್ ಬ್ಲಾಂಕೋ ಎಂಬ ಐದು ವರ್ಷದ ಹುಡುಗಿ ಮೇಲೆ ಸರ್ಕಾರಿ ತಂಬಾಕು ಕಾರ್ಖಾನೆಯ ಬಂಡಿ ಹರಿಯಿತು. ಅಪ್ಪ ಪರಿಹಾರ ಕೇಳಿದ. ಸರ್ಕಾರದ ತಪ್ಪಿಗೆ ಸರ್ಕಾರ ಹೊಣೆಯೆ? ಯಾವ ಕೋರ್ಟು ಕೇಳಬೇಕು? 1873ರಲ್ಲಿ ತೀರ್ಮಾನವಾಯಿತು: ಸರ್ಕಾರ ಹೊಣೆ ಹೊರಬೇಕು, ಆದರೆ ಅದಕ್ಕೆ ಬೇರೆಯೇ ಕಾನೂನು, ಬೇರೆಯೇ ನ್ಯಾಯಸ್ಥಾನ. ಫ್ರಾನ್ಸಿನ ಆಡಳಿತ ಕಾನೂನಿನ ವಿದ್ಯಾರ್ಥಿಗಳು ಇವತ್ತಿಗೂ ಆ ಹುಡುಗಿಯ ಹೆಸರಿನಿಂದಲೇ ಪಾಠ ಶುರು ಮಾಡುತ್ತಾರೆ. ರಾಜರ ಹೆಸರಿನಿಂದಲ್ಲ. ಕಾರ್ಖಾನೆ ಇರುವ ಊರಿನ ನಾವು ಈ ಹುಡುಗಿಯನ್ನು ನೆನಪಿಡಬೇಕು.

ಸ್ವೀಡನ್ ದೇಶದ್ದು ಇನ್ನೂ ಹತ್ತಿರದ ಕಥೆ. 1766ರಲ್ಲೇ ಅಲ್ಲಿ ಒಂದು ಕಾನೂನು ಬಂತು. ಸರ್ಕಾರದ ಕಾಗದಪತ್ರ ಯಾರು ಬೇಕಾದರೂ ನೋಡಬಹುದು. ಅದಕ್ಕಾಗಿ ಹಟ ಹಿಡಿದವರಲ್ಲಿ ಆಂಡರ್ಸ್ ಶಿಡೇನಿಯಸ್ ಎಂಬ ಒಬ್ಬ ಹಳ್ಳಿ ಪಾದ್ರಿ ಇದ್ದ. 1809ರಲ್ಲಿ ಅದೇ ದೇಶ, ಅಧಿಕಾರಿಗಳ ಮೇಲಿನ ದೂರು ಕೇಳಲು ಆಂಬುಡ್ಸ್‌ಮನ್ ಎಂಬ ಹುದ್ದೆ ಮಾಡಿತು. ನಮ್ಮ ಲೋಕಾಯುಕ್ತ ಆ ಹುದ್ದೆಯ ಮೊಮ್ಮಗ. ಕರ್ನಾಟಕದಲ್ಲಿ ಅದರ ಕಾನೂನು ಬಂದದ್ದು 1984ರಲ್ಲಿ. ಮಾಹಿತಿ ಹಕ್ಕು ದೇಶಕ್ಕೆಲ್ಲ ಬಂದದ್ದು 2005ರಲ್ಲಿ. ಹತ್ತು ರೂಪಾಯಿ, ಒಂದು ಅರ್ಜಿ, ಮೂವತ್ತು ದಿನ. ಬಡತನ ರೇಖೆಯ ಕೆಳಗಿನವರಿಗೆ ಆ ಹತ್ತು ರೂಪಾಯಿಯೂ ಬೇಡ. ಹನ್ನೊಂದು ದಿನ ಅಲೆದ ನಮಗೆ ಆವತ್ತು ಇದು ಗೊತ್ತಿರಲಿಲ್ಲ. ಗೊತ್ತಾದ ಮೇಲೆ ಒಂದು ಅರ್ಜಿ ಬರೆದೆವು. ಪಟ್ಟಿಯಲ್ಲಿ ನಮ್ಮ ಹೆಸರು ಎಲ್ಲಿ ನಿಂತಿದೆ, ಯಾರ ಮೇಜಿನ ಮೇಲೆ ಎಷ್ಟು ದಿನದಿಂದ ಇದೆ, ಅಷ್ಟೇ ಕೇಳಿದೆವು. ಉತ್ತರ ಬರುವ ಮೊದಲೇ ದುಡ್ಡು ಬಂತು! ನೀವೂ ಕೇಳಿ. ನಿಮ್ಮ ಹಾಸ್ಟೆಲಿಗೆ ತಲೆಗೆ ಎಷ್ಟು ದುಡ್ಡು ಬರುತ್ತದೆ? ಅಕ್ಕಿ ಬೇಳೆಯ ರಿಜಿಸ್ಟರ್ ಏನು ಹೇಳುತ್ತದೆ? ತಟ್ಟೆ ಏನು ಹೇಳುತ್ತದೆ?

ಕಾಗದ ಬಂದ ಮಾತ್ರಕ್ಕೆ ಎಲ್ಲ ಆಯಿತೆ? ಇಲ್ಲ. 1948ರ ನವೆಂಬರ್ 4ರಂದು ಸಂವಿಧಾನ ಸಭೆಯಲ್ಲಿ ಬಾಬಾಸಾಹೇಬರು ಹೇಳಿದ್ದು ಇದೇ. ಸಂವಿಧಾನದ ಒಂದಕ್ಷರ ಮುಟ್ಟದೆ, ಬರೀ ಆಡಳಿತದ ರೂಪ ಬದಲಿಸಿ ಅದನ್ನು ಕೆಡಿಸಬಹುದು ಎಂದರು. ನಮ್ಮ ನೆಲಕ್ಕೆ ಪ್ರಜಾಪ್ರಭುತ್ವ ಮೇಲೆ ಹಾಕಿದ ಗೊಬ್ಬರದ ಹಾಗೆ, ಒಳಗಿನ ಮಣ್ಣು ಇನ್ನೂ ಹದವಾಗಿಲ್ಲ ಎಂಬ ಅರ್ಥದ ಮಾತನ್ನೂ ಆಡಿದರು.

ಅವರ ಕಣ್ಣ ಮುಂದೆ ಜರ್ಮನಿ ಇತ್ತು. 1919ರ ವೈಮಾರ್ ಸಂವಿಧಾನದಲ್ಲಿ ಹಕ್ಕುಗಳು ಬೇಕಾದಷ್ಟಿದ್ದವು. ಅದರ ಜೊತೆಗೇ, ತುರ್ತು ಸಂದರ್ಭದಲ್ಲಿ ಅಧ್ಯಕ್ಷ ಆ ಹಕ್ಕುಗಳನ್ನು ತಡೆಹಿಡಿಯಬಹುದು ಎಂಬ 48ನೆಯ ವಿಧಿಯೂ ಇತ್ತು. 1933ರ ಫೆಬ್ರವರಿಯಲ್ಲಿ ಆ ವಿಧಿ ಹಿಡಿದು ಹಕ್ಕುಗಳನ್ನು ಅಮಾನತು ಮಾಡಿದರು. ಮಾರ್ಚಿನಲ್ಲಿ, ಮಂತ್ರಿಮಂಡಲವೇ ಕಾನೂನು ಮಾಡಬಹುದು ಎಂದು ಸಂಸತ್ತೇ ಬರೆದುಕೊಟ್ಟಿತು. ಹಿಟ್ಲರ್ ಆ ಸಂವಿಧಾನವನ್ನು ಹರಿದು ಒಗೆಯಲೇ ಇಲ್ಲ. ಅವಶ್ಯವೇ ಬೀಳಲಿಲ್ಲ. ಅದಕ್ಕೇ 1949ರಲ್ಲಿ ಹೊಸ ಸಂವಿಧಾನ ಬರೆದ ಜರ್ಮನರು ಮೊದಲ ವಿಧಿಯಲ್ಲೇ ಮನುಷ್ಯನ ಘನತೆಯನ್ನು ಇಟ್ಟರು. ಯಾವ ಬಹುಮತ ಬಂದರೂ ಮುಟ್ಟಬಾರದ ಮೂಲತತ್ವಗಳು ಕೆಲವಿವೆ ಎಂದು ಬೇಲಿ ಹಾಕಿದರು.

ಆ ಬೇಲಿಯ ವಿಚಾರ ಹಿಡಿದು ಡೀಟ್ರಿಷ್ ಕೊನ್ರಾಡ್ ಎಂಬ ಜರ್ಮನ್ ಪ್ರೊಫೆಸರು 1965ರಲ್ಲಿ ಬನಾರಸಿನ ವಿಶ್ವವಿದ್ಯಾಲಯದಲ್ಲಿ ಭಾಷಣ ಮಾಡಿದರು. ಅದು ವಕೀಲರ ಕೈಗೆ ಬಿತ್ತು, ಸುಪ್ರೀಂ ಕೋರ್ಟಿನವರೆಗೆ ಹೋಯಿತು. ಅದು ಹಣ್ಣಾದದ್ದು ಯಾರ ಹೆಸರಿನಲ್ಲಿ? ಕಾಸರಗೋಡಿನ ಎಡನೀರು ಮಠದ ಕೇಶವಾನಂದ ಭಾರತಿ ಸ್ವಾಮಿಗಳ ಹೆಸರಿನಲ್ಲಿ. ಕನ್ನಡದ, ಯಕ್ಷಗಾನದ ಮಠ ಅದು. ಕೇರಳದ ಭೂಸುಧಾರಣೆ ಕಾನೂನಿನಿಂದ ಮಠದ ಭೂಮಿ ಹೋಗುತ್ತದೆ ಎಂದು ಸ್ವಾಮಿಗಳು 1970ರಲ್ಲಿ ಕೋರ್ಟಿಗೆ ಹೋದರು. 13 ಜನ ನ್ಯಾಯಾಧೀಶರು, 68 ದಿನದ ವಾದ, 1973ರ ಏಪ್ರಿಲ್ 24ಕ್ಕೆ ತೀರ್ಪು. ಏಳು ಜನ ಒಂದು ಕಡೆ, ಆರು ಜನ ಇನ್ನೊಂದು ಕಡೆ. ಸಂಸತ್ತು ಸಂವಿಧಾನವನ್ನು ತಿದ್ದಬಹುದು, ಅದರ ಮೂಲರಚನೆಯನ್ನು ಮಾತ್ರ ಒಡೆಯುವಂತಿಲ್ಲ. ತಮಾಷೆ ನೋಡಿ. ಭೂಸುಧಾರಣೆಯ ಕಾನೂನು ಬೀಳಲಿಲ್ಲ, ಸಂವಿಧಾನದ ಬೇರೂ ಕೀಳಲಿಲ್ಲ. ಮಠದ ಹೊಲಕ್ಕೆ ಹೋದ ದಾವೆ ದೇಶದ ಹೊಲಕ್ಕೆ ಬೇಲಿಯಾಯಿತು.

ಬೇಲಿ ಇದ್ದರೂ ಕಾವಲು ಬೇಕು. 1976ರ ಏಪ್ರಿಲ್ 28ರಂದು, ತುರ್ತು ಪರಿಸ್ಥಿತಿಯಲ್ಲಿ, ಜೈಲಿಗೆ ಹಾಕಿದವರು ಯಾಕೆ ಹಾಕಿದಿರಿ ಎಂದು ಕೋರ್ಟಿಗೆ ಬಂದು ಕೇಳುವಂತಿಲ್ಲ ಎಂದು ಅದೇ ಸುಪ್ರೀಂ ಕೋರ್ಟಿನ ನಾಲ್ವರು ಹೇಳಿದರು. ಎಚ್. ಆರ್. ಖನ್ನಾ ಒಬ್ಬರೇ ಬೇರೆ ನಿಂತರು. ಆ ತೀರ್ಪು ತಪ್ಪು ಎಂದು ಕೋರ್ಟು ಬಾಯಿಬಿಟ್ಟು ಹೇಳಿದ್ದು 2017ರಲ್ಲಿ, ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಪುಟ್ಟಸ್ವಾಮಿ ಹಾಕಿದ ಮೊಕದ್ದಮೆಯಲ್ಲಿ. ನಮ್ಮ ಲೋಕಾಯುಕ್ತದ್ದೂ ಹಾಗೇ. 2016ರಲ್ಲಿ ಎಸಿಬಿ ಎಂಬ ಬೇರೆ ದಳ ಕಟ್ಟಿ, ಭ್ರಷ್ಟಾಚಾರ ತನಿಖೆ ಮಾಡುವ ಅಧಿಕಾರವನ್ನು ಲೋಕಾಯುಕ್ತ ಪೊಲೀಸರಿಂದ ಅದಕ್ಕೆ ಸಾಗಿಸಿದರು. ಸಂವಿಧಾನ ಇದ್ದಲ್ಲೇ ಇತ್ತು, ಲೋಕಾಯುಕ್ತ ಎಂಬ ಬೋರ್ಡೂ ಇದ್ದಲ್ಲೇ ಇತ್ತು. 2022ರ ಆಗಸ್ಟಿನಲ್ಲಿ ಹೈಕೋರ್ಟು ಎಸಿಬಿಯನ್ನು ರದ್ದು ಮಾಡಿದ ಮೇಲೆ ಆ ಅಧಿಕಾರ ವಾಪಸು ಬಂತು. ಬಾಬಾಸಾಹೇಬರು 1948ರಲ್ಲಿ ಹೇಳಿದ್ದು ಇದನ್ನೇ ಅಲ್ಲವೆ?

ಈಗ ನಮ್ಮ ಹೊಳೆಗೆ ಬರೋಣ. 'ತುಂಗಾ ಪಾನ, ಗಂಗಾ ಸ್ನಾನ' ಅಂತ ಗಾದೆ. 1972ರಲ್ಲಿ ಇಲ್ಲಿ ಕಾರ್ಖಾನೆ ಶುರುವಾಯಿತು. 1980ರ ದಶಕದಲ್ಲಿ ಮೀನು ಸತ್ತು ತೇಲಿದ ದೂರು, ನೀರು ಮುಟ್ಟಿದರೆ ಮೈ ತುರಿಸುತ್ತದೆ ಎಂಬ ದೂರು ಕೆಳದಂಡೆಯ ಹಳ್ಳಿಗಳಿಂದ ಬಂದವು. ಇಲ್ಲಿ ಕೂತವರಲ್ಲಿ ಎಷ್ಟೋ ಜನರ ಮನೆಯ ಒಲೆ ಉರಿಯುವುದು ಕಾರ್ಖಾನೆಯ ಕೂಲಿಯಿಂದ. ಸಭೆಯಲ್ಲಿ ಒಬ್ಬ ತಮ್ಮ ಎದ್ದು ನಿಂತು ಕೇಳಿದ: "ಅಣ್ಣಾ, ನೀರಿನ ಮಾತು ಎತ್ತಿದರ ಕೆಲಸ ಹೋಗ್ತೈತಿ ಅಂತಾರ. ಏನು ಮಾಡೂನು?" ಈ ಪ್ರಶ್ನೆಯನ್ನು ನಾವು ಹಗುರ ಮಾಡುವುದಿಲ್ಲ. ಹಸಿದವನಿಗೆ ಪರಿಸರದ ಪಾಠ ಹೇಳುವ ಹೊಟ್ಟೆ ತುಂಬಿದವರು ನಾವಲ್ಲ.

ಅದಕ್ಕೆ ಸ್ಪೇನಿನ ಒಬ್ಬ ಹೆಣ್ಣುಮಗಳ ಕಥೆ ಹೇಳಿದೆವು. ಗ್ರೆಗೋರಿಯಾ ಲೋಪೆಸ್ ಓಸ್ತ್ರಾ. ಅವಳ ಊರು ಲೋರ್ಕಾದಲ್ಲಿ ಚರ್ಮ ಹದ ಮಾಡುವ ಕಾರ್ಖಾನೆಗಳು ಬಹಳ. ಅವುಗಳ ಕೊಳಚೆ ಶುದ್ಧ ಮಾಡುವ ಘಟಕ 1988ರಲ್ಲಿ ಲೈಸೆನ್ಸಿಲ್ಲದೆ ಅವಳ ಮನೆಯಿಂದ ಹನ್ನೆರಡೇ ಮೀಟರ್ ದೂರದಲ್ಲಿ ಶುರುವಾಯಿತು. ವಾಸನೆ, ಹೊಗೆ, ಮಗಳಿಗೆ ಕಾಯಿಲೆ. ಅವಳು ತನ್ನ ದೇಶದ ಕೋರ್ಟುಗಳಲ್ಲಿ ಸೋತಳು. ಸೋತು ಸ್ಟ್ರಾಸ್‌ಬರ್ಗಿನ ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯಕ್ಕೆ ಹೋದಳು. 1994ರ ಡಿಸೆಂಬರ್ 9ರಂದು ಗೆದ್ದಳು. ಕೋರ್ಟು ಹೇಳಿದ್ದೇನು? ಊರಿನ ದುಡಿಮೆಯೂ ಮುಖ್ಯ, ಮನೆಯೊಳಗೆ ಉಸಿರಾಡುವುದೂ ಮುಖ್ಯ. ಇವೆರಡನ್ನೂ ತಕ್ಕಡಿಯಲ್ಲಿ ಸರಿತೂಗಿಸುವುದು ಸರ್ಕಾರದ ಕರ್ತವ್ಯ. ಅದು ತೂಗಿಸಲಿಲ್ಲ. ತಪ್ಪಿತಸ್ಥರ ಜಾಗದಲ್ಲಿ ನಿಂತದ್ದು ಘಟಕವಲ್ಲ, ಸ್ಪೇನ್ ಸರ್ಕಾರ. ಅದಕ್ಕೂ ಮೂರು ವರ್ಷ ಮೊದಲೇ, 1991ರಲ್ಲಿ, ನಮ್ಮ ಸುಪ್ರೀಂ ಕೋರ್ಟು ಬಿಹಾರದ ಒಂದು ಮೊಕದ್ದಮೆಯಲ್ಲಿ, ಶುದ್ಧವಾದ ನೀರು ಗಾಳಿ 21ನೆಯ ವಿಧಿಯ ಬದುಕುವ ಹಕ್ಕಿನ ಒಳಗೇ ಇದೆ ಎಂದಿತ್ತು.

ಹಾಗಾಗಿ ತಮ್ಮಾ, ಕೆಲಸ ಬೇಕೋ ನೀರು ಬೇಕೋ ಎಂದು ನಿನ್ನನ್ನು ಕೇಳುವವನೇ ತಪ್ಪು ಪ್ರಶ್ನೆ ಕೇಳುತ್ತಿದ್ದಾನೆ. ತಕ್ಕಡಿ ಹಿಡಿಯಬೇಕಾದದ್ದು ನಿನ್ನ ಕೈಯಲ್ಲ. 1974ರ ಜಲ ಕಾನೂನು ಅದನ್ನು ಹಿಡಿಯಲು ಒಂದು ಮಂಡಳಿಯನ್ನೇ ಮಾಡಿದೆ. ನಾವು ಅದನ್ನು ಕೇಳೋಣ. ಕಾರ್ಖಾನೆಗೆ ಕೊಟ್ಟ ಸಮ್ಮತಿಯಲ್ಲಿ ಯಾವ ಷರತ್ತುಗಳಿವೆ? ನೀರಿನ ಪರೀಕ್ಷೆ ಯಾವಾಗ ಆಯಿತು? ಏನು ಬಂತು? ಎಲ್ಲ ಸರಿ ಇದ್ದರೆ ಕಾಗದ ತೋರಿಸಲು ಹೆದರಿಕೆ ಯಾಕೆ? ಸರಿ ಇಲ್ಲದಿದ್ದರೆ ಸುಮ್ಮನೆ ಕೂತದ್ದು ಯಾಕೆ? ಕೂಲಿಯವನೂ ಇದೇ ನೀರು ಕುಡಿಯುತ್ತಾನೆ.

ಇದೆಲ್ಲ ಪರದೇಶಿ ಸರಕು ಅನ್ನುವವರು ಇದ್ದಾರೆ. ಅವರಿಗೆ ಒಂದೇ ಮಾತು. ಸ್ವಾತಂತ್ರ್ಯ, ಸಮಾನತೆ, ಸೋದರತೆಯನ್ನು ತಾನು ಫ್ರಾನ್ಸಿನಿಂದ ಎರವಲು ತಂದದ್ದಲ್ಲ, ನನ್ನ ಗುರು ಬುದ್ಧನಿಂದ ಪಡೆದದ್ದು ಎಂದು ಬಾಬಾಸಾಹೇಬರು 1954ರಲ್ಲಿ ಆಕಾಶವಾಣಿಯಲ್ಲೇ ಹೇಳಿದ್ದಾರೆ. ನೀರು ಎಲ್ಲಿಯ ಮಳೆಯಿಂದ ಬಂತು ಎಂದು ಬಾಯಾರಿದವನು ಕೇಳುವುದಿಲ್ಲ. ಕುಡಿಯಲು ಬಿಡುತ್ತಾರೋ ಇಲ್ಲವೋ ಎಂದು ಕೇಳುತ್ತಾನೆ.

ಕಡೆಗೆ ಮೂರು ಕೆಲಸ. ಒಂದು, ಪ್ರತಿ ಹಾಸ್ಟೆಲಿನಲ್ಲಿ ಕನ್ನಡದ ಸಂವಿಧಾನ ಪುಸ್ತಕ ಒಂದು ಇರಲಿ. ಬೀರುವಿನಲ್ಲಿ ಅಲ್ಲ, ಊಟದ ಹಾಲಿನಲ್ಲಿ. ಭಾನುವಾರಕ್ಕೆ ಒಂದು ವಿಧಿ ಓದಿ. ಎರಡು, ಬಾಯಿಮಾತಿನಲ್ಲಿ ಕೇಳಬೇಡಿ, ಬರೆದು ಕೇಳಿ, ಸಹಿ ಹಾಕಿದ ರಶೀದಿ ತನ್ನಿ. ಮೂರು, ಒಬ್ಬರೇ ಹೋಗಬೇಡಿ. ಪರಿಶಿಷ್ಟ ಜಾತಿ, ಪಂಗಡದವರಿಗೆ, ಹೆಣ್ಣುಮಕ್ಕಳಿಗೆ 1987ರ ಕಾನೂನಿನ ಪ್ರಕಾರ ಪುಕ್ಕಟೆ ವಕೀಲರನ್ನು ಕೊಡಬೇಕು. ತಾಲೂಕು ಕಾನೂನು ಸೇವಾ ಸಮಿತಿಯಲ್ಲಿ ಕೇಳಿ. ಹೈಕೋರ್ಟಿಗೆ ಬೆಂಗಳೂರಿಗೇ ಹೋಗಬೇಕಿಲ್ಲ, 2008ರಿಂದ ಧಾರವಾಡದಲ್ಲೇ ಪೀಠ ಇದೆ.

ಮತ್ತೆ ಯಾರಾದರೂ "ನಾಳೆ ಬಾ" ಅಂದರೆ ಜಗಳ ಆಡಬೇಡಿ. "ಆಯ್ತ್ರಿ ಸರ, ನಾಳೆ ಬರ್ತೀವಿ. ಈವತ್ತು ಯಾಕಾಗಲ್ಲ ಅಂತ ಈ ಹಾಳ್ಯಾಗ ಬರದು ಕೊಡ್ರಿ" ಅನ್ನಿ. ಹಾಳೆ ಮುಂದಕ್ಕೆ ಹಿಡಿಯಿರಿ. ಪೆನ್ನೂ ನೀವೇ ಕೊಡಿ.

ಜೈ ಭೀಮ್.